ಕಾರ್ಬೈಡ್ ಟೂಲ್ ಮೇಲಿನ ವಜ್ರದ ಕೋಟಿಂಗ್ ಚಕ್ಕೆ ಏಳುತ್ತಿದೆ: ಸ್ಟ್ರೆಸ್ ಹಿಡಿತಕ್ಕೆ ತರುವುದು ಹೇಗೆ?

ಪೀಣ್ಯ ಟೂಲ್‌ರೂಮ್ | ಸೋಮವಾರ, ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಟೂಲ್‌ರೂಮ್ ಇದೆ. ಎರಡು ವರ್ಷಗಳಿಂದ ಕಾದ ತಂತಿಯಿಂದ ಅನಿಲ ಒಡೆದು ವಜ್ರ ಬೆಳೆಸುವ ಹಾಟ್ ಫಿಲಮೆಂಟ್ ಯಂತ್ರವೊಂದನ್ನು ಇಟ್ಟುಕೊಂಡು ತಿರುಗುತ್ತ ಕತ್ತರಿಸುವ 6 ಮಿಲಿಮೀಟರ್ ಕಾರ್ಬೈಡ್ ಎಂಡ್ ಮಿಲ್‌ಗಳಿಗೆ ವಜ್ರದ ಕೋಟಿಂಗ್ ಹಾಕುತ್ತಿದ್ದೇವೆ. ಗ್ರಾಫೈಟ್ ಎಲೆಕ್ಟ್ರೋಡ್ ಕೊರೆಯುವವರೂ ಕಾರ್ಬನ್ ಫೈಬರ್ ಹಲಗೆ ಕತ್ತರಿಸುವವರೂ ನಮ್ಮ ಗಿರಾಕಿಗಳು. ಹೈಡ್ರೋಜನ್ ಜೊತೆ ಶೇಕಡಾ 1.5ರಷ್ಟು ಮೀಥೇನ್ ಬಿಡುತ್ತೇವೆ. ಟೂಲ್‌ನ ತಾಪಮಾನ 850 ಡಿಗ್ರಿ ಸೆಲ್ಸಿಯಸ್, ಕೋಟಿಂಗ್‌ನ ದಪ್ಪ 12 ಮೈಕ್ರೋಮೀಟರ್.

ಮೂರು ತಿಂಗಳಿಂದ ಕೆಲಸ ಕೈಕೊಡುತ್ತಿದೆ. ಕಳೆದ ವಾರ ಯಂತ್ರದ ಮುಚ್ಚಳ ತೆಗೆದಾಗ ತಟ್ಟೆಯ ತುಂಬ ಸಕ್ಕರೆ ಪುಡಿ ಚೆಲ್ಲಿದ ಹಾಗೆ ಮಿನುಗು. 24 ಟೂಲ್‌ಗಳಲ್ಲಿ 9ರ ಮೈಮೇಲಿನ ಪದರ ಎದ್ದುಹೋಗಿತ್ತು. ನೋಡುತ್ತ ನಿಂತಿದ್ದಾಗಲೇ ಚೆನ್ನಾಗಿ ಕಾಣುತ್ತಿದ್ದ ಇನ್ನೊಂದು ಟೂಲ್‌ನಿಂದ ‘ಟಿಕ್’ ಎಂದು ಸದ್ದಾಗಿ ಚಕ್ಕೆಯೊಂದು ಚಿಮ್ಮಿತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಸ್ಟ್ರೆಸ್ ಹೆಚ್ಚಾಗಿದೆ, ನಿಧಾನವಾಗಿ ತಣ್ಣಗೆ ಮಾಡಿ ಎಂದು ಕೇಳಿದವರೆಲ್ಲರೂ ಹೇಳಿದರು. ತಣಿಸುವ ಸಮಯವನ್ನು 1 ಗಂಟೆಯಿಂದ 4 ಗಂಟೆಗೆ, ಆಮೇಲೆ 6 ಗಂಟೆಗೆ ಏರಿಸಿದೆ. ಫಲಿತಾಂಶದಲ್ಲಿ ಏನೂ ಬದಲಾಗಲಿಲ್ಲ. ವಿದ್ಯುತ್ ಬಿಲ್ಲಷ್ಟೇ ಏರಿತು. ನಾನು ಓದಿದ್ದು ಡಿಪ್ಲೊಮಾ ಮಾತ್ರ. ಯಾರಾದರೂ ಬುಡದಿಂದ ತಿಳಿಸಿಕೊಡುತ್ತೀರಾ?

ಬಾಗಿದ ಬಿಲ್ಲೆ | ಸೋಮವಾರ, ಮಧ್ಯಾಹ್ನ

ನಮಸ್ಕಾರ ಸರ್. ನಾನು ಸಿಲಿಕಾನ್ ಬಿಲ್ಲೆಗಳ ಮೇಲೆ ವಜ್ರದ ಪದರ ಬೆಳೆಸಿ ಆರು ವರ್ಷ ಕಳೆದವಳು. ‘ಒತ್ತಡ’ ಎಂದರೆ ಯಂತ್ರದೊಳಗಿನ ಅನಿಲದ ಒತ್ತಡವೂ ಆಗಬಹುದು. ಗೊಂದಲ ಬೇಡವೆಂದು ಪದರದೊಳಗೆ ಸೇರಿಕೊಂಡಿರುವ ಸ್ಟ್ರೆಸ್ಸನ್ನು ಒಳಬಿಗಿತ ಎನ್ನುತ್ತೇನೆ.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದ್ದೀರಾ? ನಮ್ಮ ಊರಿನಲ್ಲಿ ಬೆರಣಿ ಗುಡ್ಡೆ ಹಾಕಿ ಪಟ್ಟಿಯನ್ನು ಕೆಂಪಗೆ ಕಾಯಿಸುತ್ತಿದ್ದರು. ಕಾದಾಗ ಅದು ಹಿಗ್ಗುತ್ತದೆ. ಮರದ ಚಕ್ರಕ್ಕೆ ತೊಡಿಸಿ ನೀರು ಸುರಿದರೆ ಕುಗ್ಗಿ ಮರವನ್ನು ಅವುಚಿಕೊಳ್ಳುತ್ತದೆ. ನಿಮ್ಮ ಟೂಲ್‌ನಲ್ಲಿ ಆಗುತ್ತಿರುವುದೂ ಇದೇ. ಕಾರ್ಬೈಡ್ ಕಬ್ಬಿಣದ ಜಾಗದಲ್ಲಿದೆ, ವಜ್ರ ಮರದ ಜಾಗದಲ್ಲಿದೆ. 850 ಡಿಗ್ರಿಯಲ್ಲಿ ಎರಡೂ ಹೊಂದಿಕೊಂಡು ಕೂತಿರುತ್ತವೆ. ತಣಿಯುವಾಗ ಕಾರ್ಬೈಡ್ ಹೆಚ್ಚು ಕುಗ್ಗುತ್ತದೆ, ವಜ್ರ ಕಡಿಮೆ ಕುಗ್ಗುತ್ತದೆ. ಅಂಟಿಕೊಂಡಿರುವ ವಜ್ರ ಅದುಮಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ಈಗ ನಿಮ್ಮ 6 ಗಂಟೆಯ ವಿಷಯಕ್ಕೆ ಬರುತ್ತೇನೆ. ಪಟ್ಟಿಗೆ ಕೊಡಗಟ್ಟಲೆ ನೀರು ಸುರಿದರೂ ಗಾಳಿಗೆ ಬಿಟ್ಟು ತಣಿಸಿದರೂ ಕೊನೆಯಲ್ಲಿ ಅದು ಕುಗ್ಗುವುದು ಅಷ್ಟೇ. ಈ ಬಗೆಯ ಬಿಗಿತಕ್ಕೆ ಎಲ್ಲಿಂದ ಎಲ್ಲಿಗೆ ತಣಿಯಿತು ಎಂಬುದೊಂದೇ ಲೆಕ್ಕ, ಎಷ್ಟು ಹೊತ್ತಿನಲ್ಲಿ ತಣಿಯಿತು ಎಂಬುದಲ್ಲ.

ಅಂಕಿಗಳನ್ನೂ ನೋಡೋಣ. 800 ಡಿಗ್ರಿಯ ಇಳಿತದಲ್ಲಿ ಕಾರ್ಬೈಡ್‌ಗೂ ವಜ್ರಕ್ಕೂ ಕುಗ್ಗುವುದರಲ್ಲಿ ಸರಾಸರಿ ವ್ಯತ್ಯಾಸ ಡಿಗ್ರಿಗೆ ಹತ್ತು ಲಕ್ಷದಲ್ಲಿ 2.4 ಪಾಲಿನಷ್ಟು ಎಂದುಕೊಳ್ಳಿ. 800ರಿಂದ ಗುಣಿಸಿದರೆ ಸುಮಾರು ಸಾವಿರಕ್ಕೆ 2. ನೋಡಲು ಏನೂ ಅಲ್ಲ ಎನಿಸುತ್ತದೆ. ಆದರೆ ವಜ್ರ ಬಗ್ಗುವ ವಸ್ತುವಲ್ಲ. ಎರಡೂ ದಿಕ್ಕಿನಿಂದ ಅದುಮಿದಾಗ ಅದರ ಪೆಡಸುತನ 1,200 ಗಿಗಾಪಾಸ್ಕಲ್‌ಗಿಂತ ಮೇಲೆ. ಗುಣಿಸಿದರೆ 2.4 ಗಿಗಾಪಾಸ್ಕಲ್ ಹತ್ತಿರ ಬರುತ್ತದೆ. ಒಂದು ಚದರ ಮಿಲಿಮೀಟರ್ ಜಾಗದ ಮೇಲೆ 240 ಕಿಲೋ ತೂಕ ಹೇರಿದ ಹಾಗೆ.

ಇದು ತಾಪದಿಂದ ಬರುವ ಬಿಗಿತ. ಬೆಳೆಯುವಾಗಲೇ ಹುಟ್ಟುವ ಬಿಗಿತವೆಂಬುದು ಬೇರೆ ಇದೆ. ವಜ್ರ ಮೊದಲು ಅಲ್ಲಲ್ಲಿ ಕಾಳುಗಳಾಗಿ ಮೊಳೆಯುತ್ತದೆ. ಕಾಳುಗಳು ಬೆಳೆದು ಒಂದನ್ನೊಂದು ಮುಟ್ಟುವಾಗ ನಡುವಿನ ಕೂದಲೆಳೆಯ ಅಂತರವನ್ನು ಮುಚ್ಚಲು ಪರಸ್ಪರ ಎಳೆಯುತ್ತವೆ. ಆಗ ಪದರದಲ್ಲಿ ಸೆಳೆತ ಹುಟ್ಟುತ್ತದೆ. ಕಾಳುಗಳ ಸಂದಿಯಲ್ಲಿ ವಜ್ರವಾಗದ ಇಂಗಾಲವೂ ಹೈಡ್ರೋಜನ್ನೂ ಸಿಕ್ಕಿಕೊಂಡರೆ ಅವು ಜಾಗಕ್ಕಾಗಿ ನೂಕುತ್ತವೆ. ಅದು ಅದುಮುವ ಕಡೆಗೆ ಕೂಡುತ್ತದೆ. ಮೀಥೇನ್ ಹೆಚ್ಚಿಸಿದರೆ ಕಾಳು ಸಣ್ಣದಾಗಿ ಸಂದಿಗಳು ಹೆಚ್ಚುತ್ತವೆ, ಎರಡೂ ಏರುತ್ತವೆ. ಕೈಗೆ ಸಿಗುವುದು ಇವೆಲ್ಲದರ ಮೊತ್ತ. ಆದ್ದರಿಂದ ಯಾವುದು ಎಷ್ಟು ಎಂದು ಬಿಡಿಸಿ ನೋಡುವವರೆಗೆ ಯಾವ ಗುಬ್ಬಿಯನ್ನೂ ತಿರುಗಿಸಬೇಡಿ ಎಂದು ನಾನು ಕಿರಿಯರಿಗೆ ಹೇಳುತ್ತಿರುತ್ತೇನೆ.

ಪೀಣ್ಯ ಟೂಲ್‌ರೂಮ್ | ಸೋಮವಾರ, ರಾತ್ರಿ

ಮೇಡಂ, ಗಾಡಿ ಚಕ್ರದ ಮಾತು ಮನಸ್ಸಿಗೆ ನಾಟಿತು. ನಮ್ಮ ತಾತ ಅದೇ ಕೆಲಸ ಮಾಡುತ್ತಿದ್ದವರು. ಹಾಗಾದರೆ 850 ಡಿಗ್ರಿಯ ಬದಲು 750ರಲ್ಲಿ ಬೆಳೆಸಿದರೆ ಬಿಗಿತ ಅಷ್ಟರಮಟ್ಟಿಗೆ ಇಳಿಯುತ್ತದೆಯೇ?

ಬಾಗಿದ ಬಿಲ್ಲೆ | ಸೋಮವಾರ, ರಾತ್ರಿ

ನೀವು ಎಣಿಸಿದಷ್ಟು ಇಳಿಯುವುದಿಲ್ಲ. ನಾನೂ ಮೊದಲು ಅಲ್ಲಿಯೇ ಎಡವಿದ್ದೆ. ಕೊಠಡಿಯ ತಾಪಮಾನದಲ್ಲಿ ವಜ್ರದ ಹಿಗ್ಗುವಿಕೆ ಡಿಗ್ರಿಗೆ ಹತ್ತು ಲಕ್ಷದಲ್ಲಿ 1 ಪಾಲಿನಷ್ಟೇ. ಕಾರ್ಬೈಡ್‌ನದು 5ರ ಆಸುಪಾಸು. ಆದರೆ ವಜ್ರ ಕಾದಂತೆಲ್ಲ ಹೆಚ್ಚು ಹೆಚ್ಚು ಹಿಗ್ಗುತ್ತದೆ, 800 ಡಿಗ್ರಿಯ ಹೊತ್ತಿಗೆ 4ನ್ನು ದಾಟಿರುತ್ತದೆ. ಅಂದರೆ ಮೇಲಿನ ತಾಪಮಾನದಲ್ಲಿ ಎರಡೂ ಬಹುಮಟ್ಟಿಗೆ ಜೊತೆಯಾಗಿಯೇ ಕುಗ್ಗುತ್ತವೆ. ಜಗಳವೆಲ್ಲ ಕೊನೆಯ ಮುನ್ನೂರು ನಾನ್ನೂರು ಡಿಗ್ರಿಯಲ್ಲಿ. ಮೇಲಿನಿಂದ 100 ಡಿಗ್ರಿ ಕತ್ತರಿಸಿದರೆ ಬಿಗಿತ ಸ್ವಲ್ಪವೇ ಇಳಿಯುತ್ತದೆ, ಬೆಳವಣಿಗೆಯ ವೇಗ ಮಾತ್ರ ಕುಸಿಯುತ್ತದೆ.

ನಿಮ್ಮ ಕೈಯಲ್ಲಿರುವ ದೊಡ್ಡ ಹಿಡಿ ಎಂದರೆ ಪದರದ ದಪ್ಪ. ಪದರವನ್ನು ಎಬ್ಬಿಸುವುದು ಅದರಲ್ಲಿ ಕೂಡಿಟ್ಟ ಶಕ್ತಿ. ಬಿಗಿತ ಇಮ್ಮಡಿಯಾದರೆ ಆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ದಪ್ಪ ಇಮ್ಮಡಿಯಾದರೆ ಎರಡು ಪಟ್ಟಾಗುತ್ತದೆ. 2.4 ಗಿಗಾಪಾಸ್ಕಲ್ ಬಿಗಿತವಿರುವ 12 ಮೈಕ್ರೋಮೀಟರ್ ಪದರದಲ್ಲಿ ಚದರ ಮೀಟರ್‌ಗೆ 55 ಜೂಲ್‌ನಷ್ಟು ಶಕ್ತಿ ಇರುತ್ತದೆ. 6 ಮೈಕ್ರೋಮೀಟರ್ ಮಾಡಿದರೆ ಬಿಗಿತ ಅಷ್ಟೇ ಇದ್ದರೂ ಶಕ್ತಿ ಅರ್ಧ. ಅಂಟು ಇದನ್ನು ತಡೆಯುವಷ್ಟು ಗಟ್ಟಿಯಿದ್ದರೆ ಪದರ ಉಳಿಯುತ್ತದೆ.

ಇನ್ನೊಂದು ಮಾತು. ಎದ್ದ ಚಕ್ಕೆಗಳನ್ನು ಎಸೆದುಬಿಟ್ಟಿದ್ದೀರಾ? ಎಸೆಯಬೇಡಿ. ಎಲ್ಲ ಉತ್ತರವೂ ಅದರ ಬೆನ್ನಿನ ಮೇಲೆ ಇರುತ್ತದೆ.

ಅಡ್ಯಾರಿನ ಕನ್ನಡಿಗ | ಮಂಗಳವಾರ, ಬೆಳಿಗ್ಗೆ

ಚೆನ್ನೈನ ಪ್ರಯೋಗಾಲಯವೊಂದರಲ್ಲಿ ವಜ್ರದ ಪದರಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಮೇಲಿನ ಲೆಕ್ಕವನ್ನು ಅಳೆದೇ ನೋಡಬಹುದು, ರಾಮನ್ ರೋಹಿತದಿಂದ, ಅಂದರೆ ವಸ್ತುವಿನ ಮೇಲೆ ಬಿಟ್ಟ ಲೇಸರ್ ಬೆಳಕು ಚದುರಿದಾಗ ಅದರ ಬಣ್ಣ ಎಷ್ಟು ಬದಲಾಯಿತು ಎಂಬ ಅಳತೆಯಿಂದ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ವಜ್ರಗಳನ್ನು ಅಭ್ಯಾಸ ಮಾಡಿದ ಸರ್ ಸಿ. ವಿ. ರಾಮನ್ ಅವರ ಹೆಸರಿನ ಪರಿಣಾಮವೇ ಇಂದು ವಜ್ರದ ಒಳಬಿಗಿತ ಅಳೆಯುವ ದಿನಬಳಕೆಯ ಸಾಧನವಾಗಿದೆ. ಯಂತ್ರದ ಮುಂದೆ ಕೂತಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಬಿಗಿತವಿಲ್ಲದ ವಜ್ರ ಸೆಂಟಿಮೀಟರ್‌ಗೆ 1332.5 ಎಂಬ ತರಂಗಸಂಖ್ಯೆಯಲ್ಲಿ ಒಂದೇ ಒಂದು ಚೂಪಾದ ಗೆರೆ ಕೊಡುತ್ತದೆ. ಅದುಮಿದರೆ ಗೆರೆ ಮೇಲಕ್ಕೆ ಸರಿಯುತ್ತದೆ, ಎಳೆದರೆ ಕೆಳಕ್ಕೆ. ಬಹುಕಾಳಿನ ಪದರದಲ್ಲಿ ಗೆರೆ ಎರಡಾಗಿ ಒಡೆದು ಕಾಣದಿದ್ದರೆ, ಒಂದು ಘಟಕದ ಸರಿತಕ್ಕೆ ಸುಮಾರು 0.57 ಗಿಗಾಪಾಸ್ಕಲ್ ಎಂದು ಲೆಕ್ಕ ಹಿಡಿಯುತ್ತೇವೆ. ನಿಮ್ಮ ಟೂಲ್‌ನಲ್ಲಿ 2.4 ಗಿಗಾಪಾಸ್ಕಲ್ ಇದ್ದರೆ ಗೆರೆ 1336.7ರ ಹತ್ತಿರ ಸಿಗಬೇಕು.

ಇಲ್ಲಿ ಮೋಸ ಹೋಗುವ ಜಾಗಗಳಿವೆ. ಲೇಸರ್ ಶಕ್ತಿ ಹೆಚ್ಚಿಟ್ಟರೆ ಪದರ ಬಿಸಿಯಾಗಿ ಗೆರೆ ಕೆಳಗಿಳಿಯುತ್ತದೆ, ಸೆಳೆತವಿದೆ ಎಂದು ತಪ್ಪು ತಿಳಿಯುತ್ತೇವೆ. ಒಳ್ಳೆಯ ವಜ್ರದ ತುಣುಕೊಂದನ್ನು ಪಕ್ಕದಲ್ಲೇ ಇಟ್ಟುಕೊಂಡು ಪ್ರತಿಸಲವೂ ಹೋಲಿಸಿ ನೋಡಬೇಕು. ಅರ್ಧ ಘಟಕದ ತಪ್ಪು ಎಂದರೆ ಸುಮಾರು 300 ಮೆಗಾಪಾಸ್ಕಲ್ ತಪ್ಪು.

ನೀವು ಒಂದು ಒಳ್ಳೆಯ ಟೂಲನ್ನೂ ಅದೇ ತಟ್ಟೆಯ ಚಕ್ಕೆಯೊಂದನ್ನೂ ಕಳುಹಿಸಿದರೆ ಎರಡನ್ನೂ ನೋಡಿಕೊಡುತ್ತೇನೆ. ಟೂಲ್ ಮೇಲಿನ ಗೆರೆಗೂ ಬಿಡುಗಡೆಯಾದ ಚಕ್ಕೆಯ ಗೆರೆಗೂ ಇರುವ ಅಂತರವೇ ಪದರ ಹೊತ್ತಿದ್ದ ಬಿಗಿತ. ಕಾಗದದ ಲೆಕ್ಕಕ್ಕಿಂತ ಅದು ನಂಬಿಕೆಗೆ ಯೋಗ್ಯ.

ಬೋರಾನ್ ನೀಲಿ | ಮಂಗಳವಾರ, ಬೆಳಿಗ್ಗೆ

ಒಂದು ಎಚ್ಚರಿಕೆ ಸೇರಿಸುತ್ತೇನೆ. ಕೊಳಕು ನೀರು ಶುದ್ಧೀಕರಿಸುವ ಎಲೆಕ್ಟ್ರೋಡ್‌ಗಳಿಗಾಗಿ ನಾವು ನಿಯೋಬಿಯಂ ಮೇಲೆ ಬೋರಾನ್ ಬೆರೆತ ವಜ್ರ ಬೆಳೆಸುತ್ತೇವೆ. ಬೋರಾನ್ ಹೆಚ್ಚಾದಾಗ ಒಳಬಿಗಿತವಿರಲಿ ಇಲ್ಲದಿರಲಿ ರಾಮನ್ ಗೆರೆ ಸೊಟ್ಟಗಾಗಿ ಕೆಳಕ್ಕೆ ಜಾರುತ್ತದೆ. ನಮ್ಮಲ್ಲಿ ಹೊಸಬರೊಬ್ಬರು ಅದನ್ನು ನೋಡಿ ಪದರ ಸೆಳೆತದಲ್ಲಿದೆ ಎಂದು ವರದಿ ಬರೆದಿದ್ದರು. ಅದೇ ತಟ್ಟೆಯಲ್ಲಿ ಅಂಚುಗಳು ಅದುಮಿಸಿಕೊಂಡು ಉಬ್ಬಿ ನಿಂತಿದ್ದವು. ಬೋರಾನ್ ಪದರಕ್ಕೆ ಎಕ್ಸ್-ಕಿರಣ ಅಥವಾ ಬಾಗುವಿಕೆಯ ಅಳತೆಯೇ ಸರಿ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ | ಮಂಗಳವಾರ, ಸಂಜೆ

ಬಾಗುವಿಕೆಯ ಮಾತು ಬಂದಿತಲ್ಲ, ನನಗೆ ಬಹಳ ಪ್ರಿಯವಾದ ವಿಷಯ. 1909ರಲ್ಲಿ ಜೆರಾಲ್ಡ್ ಸ್ಟೋನಿ ಎಂಬ ಎಂಜಿನಿಯರ್ ತೆಳುವಾದ ಉಕ್ಕಿನ ಪಟ್ಟಿಗಳ ಮೇಲೆ ವಿದ್ಯುತ್‌ಲೇಪನದಿಂದ ನಿಕಲ್ ಕೂರಿಸಿದಾಗ ಪಟ್ಟಿ ಬಾಗುವುದನ್ನು ಗಮನಿಸಿ, ಬಾಗಿದ ಅಳತೆಯಿಂದ ಪದರದ ಬಿಗಿತ ಹೇಳುವ ಸೂತ್ರ ಕೊಟ್ಟರು. ‘ಎಲೆಕ್ಟ್ರಾನ್’ ಎಂಬ ಹೆಸರಿಟ್ಟ ಜಾನ್‌ಸ್ಟನ್ ಸ್ಟೋನಿ ಅವರ ತಂದೆ. ಮಗನ ಸೂತ್ರವನ್ನು ಇಂದಿಗೂ ಚಿಪ್ ಕಾರ್ಖಾನೆಗಳಲ್ಲಿ ಬಳಸುತ್ತಾರೆ. ಅದರ ಸೊಗಸು ಏನೆಂದರೆ ಪದರದ ಪೆಡಸುತನ ತಿಳಿಯಬೇಕಾಗಿಯೇ ಇಲ್ಲ. ತಳದ ಪೆಡಸುತನ, ತಳದ ದಪ್ಪ, ಪದರದ ದಪ್ಪ, ಬಾಗಿದ ತ್ರಿಜ್ಯ, ಇಷ್ಟಿದ್ದರೆ ಸಾಕು.

ಎಂ.ಎಸ್ಸಿ. ಮಕ್ಕಳಿಗೆ ನಾನು ಇದನ್ನು ಗೋಡೆಯ ಮೇಲೆ ತೋರಿಸುತ್ತಿದ್ದೆ. ಅರ್ಧ ಮಿಲಿಮೀಟರ್ ದಪ್ಪದ ಸಿಲಿಕಾನ್ ಬಿಲ್ಲೆ, ಮೇಲೆ 2 ಮೈಕ್ರೋಮೀಟರ್ ವಜ್ರ, ಬಿಗಿತ 300 ಮೆಗಾಪಾಸ್ಕಲ್ ಎಂದಿಟ್ಟುಕೊಳ್ಳಿ. ಬಾಗಿದ ತ್ರಿಜ್ಯ 12.5 ಮೀಟರ್ ಬರುತ್ತದೆ. 100 ಮಿಲಿಮೀಟರ್ ಅಗಲದ ಬಿಲ್ಲೆಯಲ್ಲಿ ನಡುವಿಗೂ ಅಂಚಿಗೂ 0.1 ಮಿಲಿಮೀಟರ್ ವ್ಯತ್ಯಾಸ, ಕಣ್ಣಿಗೆ ಕಾಣುವುದಿಲ್ಲ. ಈಗ ಒಂದಕ್ಕೊಂದು ಸಮಾಂತರವಾಗಿ 50 ಮಿಲಿಮೀಟರ್ ಅಂತರದಲ್ಲಿ ಎರಡು ಲೇಸರ್ ಕಿರಣಗಳನ್ನು ಬಿಲ್ಲೆಯ ಮೇಲೆ ಬಿಡಿ. 5 ಮೀಟರ್ ದೂರದ ಗೋಡೆಯ ಮೇಲೆ ಚುಕ್ಕೆಗಳು 50ರ ಬದಲು 90 ಮಿಲಿಮೀಟರ್ ಅಂತರದಲ್ಲಿ ಬೀಳುತ್ತವೆ. ಪದರ ಅದುಮಿಸಿಕೊಂಡಿದ್ದರೆ ಅದರ ಮೈ ಉಬ್ಬಿಕೊಳ್ಳುತ್ತದೆ, ಚುಕ್ಕೆಗಳು ದೂರ ಸರಿಯುತ್ತವೆ. ಸೆಳೆತದಲ್ಲಿದ್ದರೆ ತಗ್ಗಾಗಿ ಹತ್ತಿರ ಬರುತ್ತವೆ. ಒಬ್ಬ ವಿದ್ಯಾರ್ಥಿನಿ ಅಳತೆಪಟ್ಟಿ ಹಿಡಿದು ಗೋಡೆಯ ಬಳಿ ನಿಂತು 89 ಎಂದು ಕೂಗಿ ಹೇಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಿಲ್ಲೆ ಮೊದಲೇ ಸ್ವಲ್ಪ ಬಾಗಿರುತ್ತದೆ, ಆದ್ದರಿಂದ ಪದರ ಬೆಳೆಸುವ ಮುನ್ನ ಒಮ್ಮೆ ಅಳೆದಿಟ್ಟುಕೊಳ್ಳಲೇಬೇಕು.

ಬಾಗಿದ ಬಿಲ್ಲೆ | ಮಂಗಳವಾರ, ರಾತ್ರಿ

ಗುರುಗಳೇ, ನಿಮ್ಮ ಗೋಡೆಯ ಪ್ರಯೋಗವನ್ನು ನಮ್ಮ ಪ್ರಯೋಗಾಲಯದಲ್ಲೂ ಮಾಡಿಸುತ್ತೇನೆ. ವಜ್ರದ ವಿಷಯದಲ್ಲಿ ಒಂದು ಮಿತಿ ಹೇಳಬೇಕು. ಸ್ಟೋನಿ ಸೂತ್ರ ಪದರ ಬಹಳ ತೆಳುವಾಗಿದೆ ಎಂದು ನಂಬಿಕೊಂಡಿದೆ. ವಜ್ರ ಸಿಲಿಕಾನ್‌ಗಿಂತ ಆರೇಳು ಪಟ್ಟು ಪೆಡಸು. ಹಾಗಾಗಿ ತಳದ ದಪ್ಪದ ನೂರರಲ್ಲೊಂದು ಪಾಲು ದಾಟಿದೊಡನೆ ತಿದ್ದುಪಡಿ ಸೇರಿಸಬೇಕಾಗುತ್ತದೆ. ಪೀಣ್ಯದವರ ದುಂಡನೆಯ ಟೂಲ್‌ಗೆ ಈ ದಾರಿ ಇಲ್ಲವೇ ಇಲ್ಲ.

ದಪ್ಪ ಫಲಕ | ಬುಧವಾರ, ಬೆಳಿಗ್ಗೆ

ನಿಧಾನವಾಗಿ ತಣಿಸುವುದರಿಂದ ಪ್ರಯೋಜನವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾವು ಮೈಕ್ರೋವೇವ್ ಪ್ಲಾಸ್ಮಾದಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಅಗಲವಾದ ಫಲಕ ಬೆಳೆಸುತ್ತೇವೆ. ಪರಮಾಣು ಸಮ್ಮಿಳನ ಸಂಶೋಧನೆಯಲ್ಲಿ ಪ್ರಬಲ ಮೈಕ್ರೋವೇವ್ ಹುಟ್ಟಿಸುವ ಗೈರೋಟ್ರಾನ್‌ಗಳಿಗೆ ಕಿಟಕಿಯಾಗಿ ಇಂಥ ವಜ್ರದ ಬಿಲ್ಲೆಗಳನ್ನೇ ಬಳಸುವುದು. ಪ್ಲಾಸ್ಮಾವನ್ನು ಒಮ್ಮೆಲೇ ಆರಿಸಿದ ದಿನ ಫಲಕ ಎರಡು ಹೋಳಾಗಿತ್ತು. ಅಂದಿನಿಂದ ಹಂತಹಂತವಾಗಿ ಇಳಿಸುತ್ತಿದ್ದೇವೆ, ಒಡೆಯುವುದು ಬಹಳ ಕಡಿಮೆಯಾಗಿದೆ. ಕೈಯಲ್ಲಿ ಕಂಡದ್ದನ್ನು ಸೂತ್ರಕ್ಕಾಗಿ ಬಿಡಲು ಆಗುವುದಿಲ್ಲ.

ಬಾಗಿದ ಬಿಲ್ಲೆ | ಬುಧವಾರ, ಮಧ್ಯಾಹ್ನ

ನಿಮ್ಮ ಅನುಭವ ಸರಿಯಾಗಿಯೇ ಇದೆ, ನಾನೇ ಬಿಡಿಸಿ ಬರೆಯಬೇಕಿತ್ತು. ಅಗಲವಾದ ಫಲಕ ತಟ್ಟನೆ ತಣಿದರೆ ನಡುವೆ ಒಂದು ತಾಪ, ಅಂಚಿನಲ್ಲಿ ಇನ್ನೊಂದು. ತಳ ಒಂದು ವೇಗದಲ್ಲಿ ಕುಗ್ಗಿದರೆ ವಜ್ರ ಇನ್ನೊಂದು ವೇಗದಲ್ಲಿ. ಆ ಹೊತ್ತಿನ ಅಸಮ ಬಿಗಿತವೇ ಫಲಕವನ್ನು ಸೀಳುತ್ತದೆ. ನಿಧಾನ ತಣಿಸಿದರೆ ಅದು ತಪ್ಪುತ್ತದೆ. ಆದರೆ 6 ಮಿಲಿಮೀಟರ್ ಕಾರ್ಬೈಡ್ ಕಡ್ಡಿ 1 ಗಂಟೆಯಲ್ಲಿ ತಣಿಯುವಾಗಲೂ ಒಳಗೂ ಹೊರಗೂ ತಾಪ ಬಹುತೇಕ ಒಂದೇ ಇರುತ್ತದೆ. ಅಲ್ಲಿ 6 ಗಂಟೆ ಕಾದು ಗಳಿಸುವುದೇನೂ ಇಲ್ಲ. ಕೊನೆಗೆ ಉಳಿಯುವ ಬಿಗಿತವಂತೂ ಎರಡರಲ್ಲೂ ಬದಲಾಗುವುದಿಲ್ಲ.

ದಪ್ಪ ಫಲಕ | ಬುಧವಾರ, ಸಂಜೆ

ಹೀಗೆ ಬೇರ್ಪಡಿಸಿದರೆ ಒಪ್ಪುತ್ತೇನೆ. ನಮ್ಮದು ತಣಿಯುವ ಹಾದಿಯ ಸಮಸ್ಯೆ, ಅವರದು ತಣಿದ ಮೇಲಿನ ಸಮಸ್ಯೆ.

ಪೀಣ್ಯ ಟೂಲ್‌ರೂಮ್ | ಗುರುವಾರ, ಬೆಳಿಗ್ಗೆ

ಚಕ್ಕೆಗಳನ್ನು ಚಿಮಟದಲ್ಲಿ ಎತ್ತಿ ಬಿಳಿ ಕಾಗದದ ಮೇಲೆ ಇಟ್ಟೆ. ಹೊರಮೈ ಬೂದುಬಣ್ಣ, ಮಿನುಗು. ಮಗುಚಿದರೆ ಬೆನ್ನು ಅಪ್ಪಟ ಕಪ್ಪು. ಬೆರಳಿನಿಂದ ಒತ್ತಿ ಎಳೆದಾಗ ಕಾಗದದ ಮೇಲೆ ಪೆನ್ಸಿಲ್‌ನಂತೆ ಗೀಟು ಬಿತ್ತು. ಇದರ ಅರ್ಥವೇನು?

ಇನ್ನೊಂದು ಪ್ರಶ್ನೆ. ಬಿಗಿತ ಅರ್ಧಕ್ಕಿಳಿಸುತ್ತದೆ ಎಂದು ಹೇಳಿ ಮಾರಾಟಗಾರರೊಬ್ಬರು ಅರ್ಧ ಮೈಕ್ರೋಮೀಟರ್‌ನ ನಡುಪದರವೊಂದನ್ನು ಹಾಕಿಸಿಕೊಳ್ಳಲು ಒತ್ತಾಯಿಸುತ್ತಿದ್ದಾರೆ. ಹಾಕಿಸಲೇ?

ಬವೇರಿಯಾದಿಂದ | ಗುರುವಾರ, ಮಧ್ಯಾಹ್ನ

ನಡುಪದರದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ನಮ್ಮ ಹತ್ತಿರದ ಆಗ್ಸ್‌ಬರ್ಗ್‌ನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಅಲ್ಲಿನ ವಿಶ್ವವಿದ್ಯಾಲಯದ ತಂಡ 2017ರಲ್ಲಿ 92 ಮಿಲಿಮೀಟರ್ ವ್ಯಾಸದ, 155 ಕ್ಯಾರಟ್ ತೂಗುವ ಏಕಸ್ಫಟಿಕ ವಜ್ರದ ಬಿಲ್ಲೆಯನ್ನು ಪ್ರಕಟಿಸಿತು. ವಜ್ರ ಮೊಳೆಯುವುದು ಇರಿಡಿಯಂ ಮೇಲೆ. ಇರಿಡಿಯಂ ವಜ್ರಕ್ಕಿಂತ ಎಷ್ಟೋ ಹೆಚ್ಚು ಹಿಗ್ಗುವ ಲೋಹ. ಆದರೂ ಅದು ಬಿಗಿತವನ್ನು ನಿರ್ಧರಿಸುವುದಿಲ್ಲ, ಏಕೆಂದರೆ ಅದು ಮೈಕ್ರೋಮೀಟರ್‌ಗಿಂತಲೂ ತೆಳುವಾದ ಹೊದಿಕೆ. ನಿರ್ಧರಿಸುವುದು ಅಡಿಯಲ್ಲಿರುವ ದಪ್ಪ ತಳ. ಅದೇ ಇರಿಡಿಯಂ ಹೊದಿಕೆಯನ್ನು ಸ್ಟ್ರಾಂಷಿಯಂ ಟೈಟನೇಟ್ ಎಂಬ ಹರಳಿನ ಮೇಲೆ ಇಟ್ಟರೆ ವಜ್ರದಲ್ಲಿ ತಾಪದ ಬಿಗಿತ 6 ಗಿಗಾಪಾಸ್ಕಲ್ ಮೀರುತ್ತದೆ, ಸಿಲಿಕಾನ್ ಮೇಲಿಟ್ಟರೆ 0.7ರ ಆಸುಪಾಸು. ಅಂಗೈ ಅಗಲದ ಬಿಲ್ಲೆ ಒಡೆಯದೆ ಉಳಿದದ್ದರಲ್ಲಿ ತಳದ ಈ ಆಯ್ಕೆಗೆ ದೊಡ್ಡ ಪಾಲಿದೆ.

ಆದ್ದರಿಂದ ಅರ್ಧ ಮೈಕ್ರೋಮೀಟರ್ ನಡುಪದರ ನಿಮ್ಮ ಬಿಗಿತವನ್ನು ಅರ್ಧ ಮಾಡಲಾರದು. ಅದು ಮಾಡಬಹುದಾದ ಕೆಲಸ ಬೇರೆ. ಕೆಳಗಿನ ಕೋಬಾಲ್ಟ್ ಮೇಲೆ ಬರದಂತೆ ತಡೆಯಬಹುದು, ಹಿಡಿತ ಹೆಚ್ಚಿಸಬಹುದು. ಆ ಕಾರಣಕ್ಕೆ ಕೊಳ್ಳುವುದಾದರೆ ಕೊಳ್ಳಿ, ಬಿಗಿತದ ಕಾರಣಕ್ಕೆ ಬೇಡ.

ಅಡ್ಯಾರಿನ ಕನ್ನಡಿಗ | ಗುರುವಾರ, ಸಂಜೆ

ಆ ಕಪ್ಪು ಗ್ರಾಫೈಟ್. ಕಾರ್ಬೈಡ್ ಕಣಗಳನ್ನು ಬೆಸೆದು ಹಿಡಿಯಲು ಹಾಕಿರುವ ಕೋಬಾಲ್ಟ್ ಬಿಸಿಯಲ್ಲಿ ಮೇಲ್ಮೈಗೆ ಬಂದು ಇಂಗಾಲವನ್ನು ವಜ್ರವಾಗಲು ಬಿಡದೆ ಗ್ರಾಫೈಟ್ ಮಾಡಿಬಿಡುತ್ತದೆ. ಅಂದರೆ ನಿಮ್ಮ ವಜ್ರ ಕಾರ್ಬೈಡ್ ಮೇಲೆ ಕೂತಿಲ್ಲ, ಪೆನ್ಸಿಲ್ ಮಸಿಯ ಮೇಲೆ ಕೂತಿದೆ. ಒಳಬಿಗಿತ ಎರಡು ವರ್ಷದಿಂದಲೂ ಇಷ್ಟೇ ಇದ್ದಿರಬೇಕು. ಈಗ ಹಿಡಿತ ಹೋಗಿದೆ. ಮೂರು ತಿಂಗಳ ಹಿಂದೆ ಕಾರ್ಬೈಡ್ ಕಡ್ಡಿಯನ್ನು ಬೇರೆ ಕಡೆಯಿಂದ ತರಿಸಿದಿರಾ? ಕೋಬಾಲ್ಟ್ ಶೇಕಡಾ ಎಷ್ಟು ಎಂದು ಮೊದಲು ವಿಚಾರಿಸಿ.

ಕೋಟಿಂಗ್‌ಗೆ ಮೊದಲು ತೊಳೆಯುವ ಕ್ರಮವನ್ನೂ ಬರೆಯಿರಿ. ಸಾಮಾನ್ಯವಾಗಿ ಕಾರ್ಬೈಡನ್ನು ಕರಗಿಸುವ ಮುರಕಾಮಿ ಎಂಬ ಕ್ಷಾರ ದ್ರಾವಣದಲ್ಲಿ ಕೆಲವು ನಿಮಿಷ ಇಟ್ಟು ಕಾರ್ಬೈಡ್ ಮೈಯನ್ನು ತರಿತರಿ ಮಾಡುತ್ತಾರೆ. ಆಮೇಲೆ ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣದಲ್ಲಿ ಕೆಲವು ಸೆಕೆಂಡು ಅದ್ದಿ ಮೇಲ್ಮೈಯ ಕೋಬಾಲ್ಟ್ ತೆಗೆಯುತ್ತಾರೆ. ಆ ಮಿಶ್ರಣ ಬಹಳ ಅಪಾಯಕಾರಿ, ಹೊಗೆ ಹೀರುವ ಗೂಡಿನ ಹೊರಗೆ ಅದನ್ನು ಮುಟ್ಟಲೇಬಾರದು. ಹೆಚ್ಚು ಹೊತ್ತು ಅದ್ದಿದರೂ ಕೆಡುತ್ತದೆ. ಬೆಸುಗೆ ಕಳೆದುಕೊಂಡ ಕಾರ್ಬೈಡ್ ಕಣಗಳು ಬೆಲ್ಲದಚ್ಚಿನ ಅಂಚಿನಂತೆ ಉದುರುತ್ತವೆ, ಆಗ ಚಕ್ಕೆಯ ಬೆನ್ನಿಗೆ ಕಪ್ಪಿನ ಬದಲು ಕಾರ್ಬೈಡ್ ಪುಡಿ ಅಂಟಿಕೊಂಡು ಬರುತ್ತದೆ.

ಪೀಣ್ಯ ಟೂಲ್‌ರೂಮ್ | ಮೂರು ವಾರಗಳ ನಂತರ

ತಡವಾಯಿತು, ಕ್ಷಮಿಸಿ. ಪೂರ್ತಿ ಎರಡು ತಟ್ಟೆ ತೆಗೆದ ಮೇಲೆಯೇ ಬರೆಯೋಣವೆಂದು ಕಾದೆ.

ಕಡ್ಡಿ ಬದಲಾಗಿತ್ತು. ಮೊದಲು ಶೇಕಡಾ 6 ಕೋಬಾಲ್ಟ್ ಇದ್ದದ್ದು, ಹೊಸ ಸರಕಿನಲ್ಲಿ 10. ಹಳೆಯ ತೊಳೆಯುವ ಸಮಯವನ್ನೇ ಹೊಸದಕ್ಕೂ ಬಳಸುತ್ತಿದ್ದೆವು. ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು, ನಮ್ಮಲ್ಲಿ ಯಾರೂ ಓದಿರಲಿಲ್ಲ.

ಚೆನ್ನೈನಿಂದ ಅಳತೆ ಬಂದಿದೆ. ಟೂಲ್ ಮೇಲಿನ ಗೆರೆ 1336.9, ಚಕ್ಕೆಯದು 1332.6. ಮೇಡಂ ಕಾಗದದ ಮೇಲೆ ಹಾಕಿದ ಲೆಕ್ಕಕ್ಕೂ ಇದಕ್ಕೂ ಇಷ್ಟು ಹತ್ತಿರವೆಂದು ತಿಳಿದಾಗ ಆ ಅಂಕಿಯನ್ನು ನಮ್ಮ ಹುಡುಗರಿಗೆಲ್ಲ ಕರೆದು ತೋರಿಸಿದೆ.

6ರ ಕಡ್ಡಿಗೆ ಮರಳಿದೆವು. ದಪ್ಪವನ್ನು 12ರಿಂದ 8ಕ್ಕೆ ಇಳಿಸಿದೆ. ತಣಿಸುವುದು ಮತ್ತೆ 1 ಗಂಟೆಗೇ ಬಂದಿದೆ. ನಡುಪದರ ಹಾಕಿಸಲಿಲ್ಲ. ಎರಡು ತಟ್ಟೆಯ 48 ಟೂಲ್‌ಗಳಲ್ಲಿ 45 ಚೆನ್ನಾಗಿವೆ. ಉಳಿದ ಮೂರರಲ್ಲೂ ಮೈ ಸರಿಯಾಗಿದೆ, ಕತ್ತರಿಸುವ ಅಂಚಿನ ಉದ್ದಕ್ಕೆ ಮಾತ್ರ ಸಣ್ಣ ಚಕ್ಕೆ ಹೋಗಿದೆ. ಬೆನ್ನು ಈ ಸಲ ಕಪ್ಪಾಗಿಲ್ಲ. ಅಂಚಿನಲ್ಲೇ ಏಕೆ?

ಬಾಗಿದ ಬಿಲ್ಲೆ | ಅದೇ ದಿನ, ರಾತ್ರಿ

ಓದಿ ಬಹಳ ಸಂತೋಷವಾಯಿತು ಸರ್. ಅಂಚಿನದು ಬೇರೆ ಕಥೆ. ಸಮತಟ್ಟಾದ ಜಾಗದಲ್ಲಿ ಅದುಮುವ ಬಿಗಿತ ಪದರದ ಉದ್ದಕ್ಕೆ ಮಾತ್ರ ಇರುತ್ತದೆ, ಮೇಲೆತ್ತುವ ಬಲ ಇರುವುದಿಲ್ಲ. ಚೂಪಾದ ಅಂಚಿನಲ್ಲಿ ಎರಡು ಮೈಗಳ ಪದರಗಳು ಸೇರಿ ತಿರುಗುವಾಗ ಅದೇ ಬಿಗಿತ ಪದರವನ್ನು ತಳದಿಂದ ಮೇಲಕ್ಕೆ ಎಳೆಯುವ ಬಲವಾಗುತ್ತದೆ. ತಿರುವು ಎಷ್ಟು ಚೂಪೋ ಅಷ್ಟು ಹೆಚ್ಚು ಎಳೆತ. ಕೋಟಿಂಗ್‌ಗೆ ಮುನ್ನ ಅಂಚನ್ನು ಕೆಲವು ಮೈಕ್ರೋಮೀಟರ್‌ಗಳಷ್ಟು ದುಂಡಗೆ ಮಾಡಿ ನೋಡಿ. ಗ್ರಾಫೈಟ್ ಕತ್ತರಿಸಲು ಅಷ್ಟು ದುಂಡಗಾದರೆ ತೊಂದರೆಯಿಲ್ಲ. ಕಾರ್ಬನ್ ಫೈಬರ್ ಟೂಲ್‌ಗೆ ಮಾತ್ರ ಗಿರಾಕಿಯನ್ನು ಕೇಳಿಕೊಂಡೇ ಮಾಡಿ, ಅಂಚು ಮಂಡಾದರೆ ನಾರು ಕತ್ತರಿಸದೆ ಜಗ್ಗುತ್ತದೆ.

ಪೀಣ್ಯ ಟೂಲ್‌ರೂಮ್ | ಅದೇ ದಿನ, ರಾತ್ರಿ

ನಾಳೆಯ ತಟ್ಟೆಯಲ್ಲಿ ಅರ್ಧ ಟೂಲ್‌ಗಳ ಅಂಚನ್ನು ದುಂಡಗೆ ಮಾಡಿ, ಅರ್ಧ ಹಾಗೆಯೇ ಇಟ್ಟು ಬೆಳೆಸುತ್ತೇನೆ. ಚಕ್ಕೆ ಎದ್ದರೆ ಡಬ್ಬಿಯಲ್ಲಿ ಗುರುತು ಹಾಕಿ ಇಡುತ್ತೇನೆ.